ರಾತ್ರಿ ಮಲಗುವ ಕೋಣೆಯಲ್ಲಿ ಗಾಳಿ ಕೆಡುವುದು: ದೂರದ ನೆಲೆಯ ಸಿಬ್ಬಂದಿಗೆ ದೋಷ ಪತ್ತೆಯ ಕೈಪಿಡಿ

ಲಕ್ಷಣ

ನಿಯಂತ್ರಣ ಫಲಕದಲ್ಲಿ ಗಾಳಿಯ ಎಲ್ಲ ರೀಡಿಂಗ್‌ಗಳೂ ಹಸಿರು ಗೆರೆಯೊಳಗೇ ಇವೆ, ಅಲಾರಂ ಒಮ್ಮೆಯೂ ಕೂಗಿಲ್ಲ. ಆದರೂ ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು ಬೆಳಗ್ಗೆ ತಲೆ ಭಾರವಾಗಿ ಏಳುತ್ತಾರೆ, ಎದ್ದ ಮೊದಲ ಒಂದೆರಡು ಗಂಟೆ ಮಾತಿಗೆ ಮಾತು ಬೆಳೆಸುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಒಟ್ಟಿಗೆ ಕೂತು ಕೆಲಸ ಮಾಡುತ್ತಾರೆ. ಈ ಕೈಪಿಡಿ ಈ ಒಂದು ದೋಷಕ್ಕೆ ಸೀಮಿತವಾದದ್ದು. ಇಂಥ ಪ್ರಕರಣವನ್ನು ಸ್ವಭಾವದ ತೊಂದರೆ ಎಂದು ಬರೆದು ವೈದ್ಯರ ಕೈಗೆ ಒಪ್ಪಿಸಿಬಿಡುವ ರೂಢಿಯನ್ನು ಇಲ್ಲಿ ಅನುಸರಿಸಿಲ್ಲ. ಮುಚ್ಚಿದ ನೆಲೆಯಲ್ಲಿ ಜಗಳವನ್ನೂ ಹೊತ್ತು, ಜಾಗಗಳ ಸಮೇತ ಒಂದು ರೀಡಿಂಗ್ ಆಗಿ ದಾಖಲಿಸಬೇಕು. ಗಾಳಿಯ ಪರೀಕ್ಷೆ ಮುಗಿಯುವ ತನಕ ಮನುಷ್ಯರ ಗುಣದೋಷದ ವಿಚಾರಣೆಗೆ ಕೈಹಾಕಬಾರದು.

ಲೆಕ್ಕಕ್ಕೆ ಅನುಕೂಲವಾಗಲೆಂದು ಮಂಗಳ ಗ್ರಹದ ಮೇಲೆ ಆರು ಜನರ ನೆಲೆಯೊಂದನ್ನು ಕಲ್ಪಿಸಿಕೊಂಡಿದ್ದೇನೆ. ಅಂಥ ನೆಲೆ ಇನ್ನೂ ಕಟ್ಟಿಲ್ಲ, ಆದರೆ ಉಸಿರಾಟ, ಸೆನ್ಸರ್, ಫಿಲ್ಟರ್‌ಗಳ ಲೆಕ್ಕ ಎಲ್ಲಿದ್ದರೂ ಇದೇ. ನೆಲೆಯ ಒಟ್ಟು ಒಳಗಾತ್ರ 300 ಘನ ಮೀಟರ್. ಒಳಗಿನ ಒತ್ತಡ ಭೂಮಿಯ ಸಮುದ್ರಮಟ್ಟದಲ್ಲಿ ಇರುವಷ್ಟು. ಮುಖ್ಯಸ್ಥೆ, ವೈದ್ಯ, ಗಾಳಿ ಮತ್ತು ನೀರಿನ ವ್ಯವಸ್ಥೆಯನ್ನು ನೋಡಿಕೊಳ್ಳುವ ತಂತ್ರಜ್ಞೆ, ಸಂಪರ್ಕ ನಿರ್ವಾಹಕ, ಭೂವಿಜ್ಞಾನಿ, ಕೊರೆಯುವ ಯಂತ್ರದ ಚಾಲಕ, ಇವರೇ ಆರು ಜನ. ಕೊನೆಯ ಇಬ್ಬರು 12 ಘನ ಮೀಟರಿನ ಕೋಣೆಯೊಂದನ್ನು ಹಂಚಿಕೊಂಡಿದ್ದಾರೆ, ಮತ್ತು ನೆಲೆಯಲ್ಲಿ ಅವರಷ್ಟು ಗಳಸ್ಯಕಂಠಸ್ಯರು ಬೇರೆ ಯಾರೂ ಇಲ್ಲ. ಭೂಮಿಯವರನ್ನು ಕೇಳಿ ಹೆಜ್ಜೆ ಹೆಜ್ಜೆಗೂ ಮುಂದುವರಿಯೋಣ ಎನ್ನುವಂತಿಲ್ಲ. ಗ್ರಹಗಳ ಸ್ಥಾನಕ್ಕೆ ತಕ್ಕಂತೆ ಸಂದೇಶ ಒಂದು ಕಡೆಗೆ ತಲುಪಲು ಸುಮಾರು 3ರಿಂದ 22 ನಿಮಿಷ ಹಿಡಿಯುವುದರಿಂದ, ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಪರಿಸ್ಥಿತಿ ಬದಲಾಗಿರುತ್ತದೆ.

ಪತ್ತೆಗೆ ಮುನ್ನ

ಇಂಗಾಲದ ಡೈಆಕ್ಸೈಡ್ ವಿಷಯದಲ್ಲಿ ದೇಹಕ್ಕೆ ಲೆಕ್ಕಕ್ಕೆ ಬರುವುದು ಶೇಕಡಾವಾರು ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಆಂಶಿಕ ಒತ್ತಡ, ಎಂದರೆ ಗಾಳಿಯ ಒಟ್ಟು ಒತ್ತಡದಲ್ಲಿ ಆ ಒಂದು ಅನಿಲದ ಪಾಲು. ಆದ್ದರಿಂದ ಎಲ್ಲ ರೀಡಿಂಗ್‌ಗಳನ್ನೂ ಪಾದರಸದ ಮಿಲಿಮೀಟರಿಗೆ ಪರಿವರ್ತಿಸಿಕೊಂಡೇ ಲಾಗ್ ಬುಕ್‌ನಲ್ಲಿ ಬರೆಯಬೇಕು. ಭೂಮಿಯ ಹೊರಾಂಗಣದಲ್ಲಿ ಅದು 0.3 ಮಿಲಿಮೀಟರಿನ ಆಸುಪಾಸು ಇರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅದರ ಸುಮಾರು ಹತ್ತು ಪಟ್ಟು ಇರುವುದು ಮಾಮೂಲು. ಅಲ್ಲಿನ ಸಿಬ್ಬಂದಿ ಹೇಳಿಕೊಂಡ ತಲೆನೋವುಗಳನ್ನು ಗಾಳಿಯ ದಾಖಲೆಯ ಜೊತೆ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಲೆನೋವಿನ ಸಂಭವ ಶೇಕಡಾ 1ಕ್ಕಿಂತ ಕೆಳಗಿರಬೇಕಾದರೆ ವಾರದ ಸರಾಸರಿ 2.5 ಮಿಲಿಮೀಟರಿನ ಕೆಳಗಿರಬೇಕು ಎಂಬ ತೀರ್ಮಾನಕ್ಕೆ ಬಂದಿತು. ಈ ಕೈಪಿಡಿಯಲ್ಲಿ 2.5 ಅನ್ನು ನೆಮ್ಮದಿಯ ಗೆರೆಯೆಂದು ಇಟ್ಟುಕೊಂಡಿದ್ದೇನೆ. ಯಾವುದೇ ಕೋಣೆಯಲ್ಲಿ 8 ದಾಟಿದ್ದು ಕಂಡರೆ ಪತ್ತೆ ಕೆಲಸವನ್ನು ಅಲ್ಲಿಗೇ ಬಿಟ್ಟು ಕೋಣೆ ಖಾಲಿ ಮಾಡಿಸಬೇಕು. ಇಡೀ ನೆಲೆಯಲ್ಲಿ 6 ದಾಟಿದರೆ ಇಂಗಾಲದ ಡೈಆಕ್ಸೈಡನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳನ್ನು ತೆರೆಯಬೇಕು. ಈ ಗೆರೆಗಳಲ್ಲಿ ಧಾರಾಳತನ ಕಡಿಮೆ ಎನ್ನುವವರು ಇರಬಹುದು. ಆದರೆ ತಲೆ ಮಂದವಾಗಿರುವವನೇ ದೋಷ ಹುಡುಕಬೇಕಾದ ಕೆಲಸ ಇದಾದ್ದರಿಂದ, ಬಿಗಿ ಗೆರೆಯೇ ಲೇಸು.

ಇನ್ನೊಂದು ನಿಯಮ: ಆ ಕೋಣೆಯಲ್ಲಿ ಮಲಗುವವರು ಪತ್ತೆ ತಂಡದಲ್ಲಿ ಇರಕೂಡದು. ಇದು ಅವರ ಮೇಲಿನ ಅಪನಂಬಿಕೆಯಲ್ಲ. ಇಂಗಾಲದ ಡೈಆಕ್ಸೈಡ್ ಏರಿದಾಗ ಗಮನ ಮತ್ತು ತಾಳ್ಮೆ ಕೈಕೊಡಬಹುದು, ಮತ್ತು ತನ್ನ ಗಮನ ಕುಂದಿದೆ ಎಂಬುದು ಕುಂದಿದವನಿಗೆ ತಿಳಿಯದಿರಬಹುದು.

ಏರಿಕೆಯ ವೇಗವೇ ಜಾಗ ತೋರಿಸುತ್ತದೆ

ಒಬ್ಬ ವಯಸ್ಕ ದಿನಕ್ಕೆ ಸುಮಾರು 1 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಕೋಣೆಯ ತಾಪಮಾನದಲ್ಲಿ ಅದು ಹೆಚ್ಚು ಕಡಿಮೆ 546 ಲೀಟರ್. ಆರು ಜನರಿಗೆ 3,276 ಲೀಟರ್. ಗಾಳಿಯಿಂದ ಇದನ್ನು ತೆಗೆಯುವ ಶುದ್ಧೀಕರಣ ಘಟಕ ಪೂರ್ತಿ ನಿಂತುಹೋಯಿತೆಂದೇ ಇಟ್ಟುಕೊಳ್ಳಿ: 300 ಘನ ಮೀಟರಿನಲ್ಲಿ ದಿನಕ್ಕೆ ಶೇಕಡಾ 1.1ರಷ್ಟು ಏರಿಕೆ, ಎಂದರೆ ಗಂಟೆಗೆ 0.35 ಮಿಲಿಮೀಟರ್. 2.5ರಿಂದ 5ಕ್ಕೆ ಹೋಗಲು ಏಳು ಗಂಟೆ ಬೇಕು. ಇಡೀ ನೆಲೆಯ ದೋಷ ನಿಧಾನದ್ದು, ಮತ್ತು ಅದು ಎಲ್ಲರ ತಲೆಯನ್ನೂ ಸಮನಾಗಿ ಹಿಡಿಯುತ್ತದೆ.

ಕೋಣೆಯ ಲೆಕ್ಕ ಬೇರೆ. ನಿದ್ದೆಯಲ್ಲಿರುವವನು ಗಂಟೆಗೆ 12ರಿಂದ 13 ಲೀಟರ್ ಹೊರಬಿಡುತ್ತಾನೆ. ಇಬ್ಬರಿಗೆ 25 ಲೀಟರ್ ಹಿಡಿದರೂ, 12 ಘನ ಮೀಟರಿನ ಕೋಣೆಯಲ್ಲಿ ಗಾಳಿಯ ಓಡಾಟ ನಿಂತಿದ್ದರೆ ಗಂಟೆಗೆ ಶೇಕಡಾ 0.2, ಅಂದರೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಏರುತ್ತದೆ. ಏಳು ಗಂಟೆ ಮಲಗಿ ಎದ್ದರೆ 11 ಮಿಲಿಮೀಟರ್ ಮುಟ್ಟಿರುತ್ತದೆ. ಬಾಗಿಲಿನ ಸಂದಿಯಿಂದ ಒಂದಿಷ್ಟು ಹೊರಹೋಗುವುದರಿಂದ ನಿಜದಲ್ಲಿ ಇದರ ಅರ್ಧವಿರಬಹುದು, ಆದರೆ ತಲೆ ನೋಯಲು ಅರ್ಧವೇ ಸಾಕು. ಗುರುತ್ವ ಭೂಮಿಯ ಶೇಕಡಾ 38ರಷ್ಟೇ ಇರುವ ಕಡೆ ಬೆಚ್ಚಗಿನ ಉಸಿರು ಮೇಲೇರಿ ಚದುರುವುದೂ ಮಂದವಾಗುತ್ತದೆ. ಗುರುತ್ವದ ಅನುಭವವೇ ಇಲ್ಲದ ಬಾಹ್ಯಾಕಾಶ ನಿಲ್ದಾಣದಲ್ಲಂತೂ ಫ್ಯಾನ್ ಇಲ್ಲದಿದ್ದರೆ ಬಿಟ್ಟ ಉಸಿರು ಮುಖದ ಸುತ್ತಲೇ ಕಟ್ಟಿಕೊಳ್ಳುತ್ತದೆ.

ಇಲ್ಲಿಂದ ಒಂದು ಉಪಯುಕ್ತ ಗುರುತು ಸಿಗುತ್ತದೆ. ರಾತ್ರಿ ಎಲ್ಲರೂ ಮಲಗಿದಾಗ ಉಸಿರಿನ ಉತ್ಪಾದನೆ ತಗ್ಗುವುದರಿಂದ ಮುಖ್ಯ ಫಲಕದ ರೇಖೆ ಇಳಿಯುತ್ತಾ ಹೋಗುತ್ತದೆ. ಆ ಹೊತ್ತಿನಲ್ಲೇ ಬಾಗಿಲು ಹಾಕಿದ ಕೋಣೆಯೊಳಗೆ ಏರುತ್ತಿರುತ್ತದೆ. ಬೆಳಗ್ಗೆ ಬಾಗಿಲು ತೆರೆದೊಡನೆ ಕೋಣೆಯಲ್ಲಿ ಕಟ್ಟಿಕೊಂಡಿದ್ದ ನೂರೈವತ್ತು, ನೂರೆಂಬತ್ತು ಲೀಟರ್ ಹೊರಗೆ ಬೆರೆತು ಫಲಕದ ರೇಖೆಯಲ್ಲಿ ಹೆಚ್ಚೆಂದರೆ 0.46 ಮಿಲಿಮೀಟರಿನ ಸಣ್ಣದೊಂದು ಉಬ್ಬು ಮೂಡುತ್ತದೆ. ಅಲಾರಂ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಹಿಂದಿನ ಹತ್ತು ದಿನಗಳ ರೇಖೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಬಾಗಿಲು ತೆರೆದ ಹೊತ್ತಿಗೆ ಸರಿಯಾಗಿ ಅದೇ ಉಬ್ಬು ಕಾಣುತ್ತದೆಯೇ ಎಂದು ಪರಿಶೀಲಿಸಬೇಕು. ಕಂಡರೆ ದೋಷ ಕೋಣೆಯಲ್ಲಿದೆ. ಶುದ್ಧೀಕರಣ ಘಟಕವನ್ನು ಬಿಚ್ಚಿ ಹರಡುವ ಮುನ್ನ ಈ ರೇಖೆ ನೋಡಿದವರಿಗೆ ಒಂದಿಡೀ ದಿನದ ಶ್ರಮ ಉಳಿಯುತ್ತದೆ.

ಸೆನ್ಸರ್ ಹೇಳುವುದನ್ನು ಎಷ್ಟು ನಂಬಬಹುದು

ಕೋಣೆಯಲ್ಲೂ ಒಂದು ಸೆನ್ಸರ್ ಇದೆ, ಅದೂ ಹಸಿರನ್ನೇ ತೋರಿಸುತ್ತಿದೆ ಎಂಬ ಉತ್ತರ ಬರಬಹುದು. ಇಂಥ ಸೆನ್ಸರ್‌ಗಳಲ್ಲಿ ಬಹುಪಾಲು ಅವಕೆಂಪು ಬೆಳಕಿನವು, 4.26 ಮೈಕ್ರೋಮೀಟರ್ ಅಲೆಯುದ್ದದ ಬೆಳಕನ್ನು ಇಂಗಾಲದ ಡೈಆಕ್ಸೈಡ್ ಎಷ್ಟು ಹೀರಿಕೊಂಡಿತು ಎಂಬುದರಿಂದ ಪ್ರಮಾಣ ಹೇಳುತ್ತವೆ. ಕಾಲ ಕಳೆದಂತೆ ಬೆಳಕಿನ ಮೂಲ ಮಂಕಾಗಿ ರೀಡಿಂಗ್ ಸರಿಯುತ್ತದೆ. ಅದನ್ನು ಸರಿದೂಗಿಸಲು ತಯಾರಕರು ಹಲವು ಮಾದರಿಗಳಲ್ಲಿ ಸ್ವಯಂಚಾಲಿತ ಹೊಂದಾಣಿಕೆಯೊಂದನ್ನು ಇಟ್ಟಿರುತ್ತಾರೆ: ಸುಮಾರು ಒಂದು ವಾರದಲ್ಲಿ ಕಂಡ ಅತಿ ಕಡಿಮೆ ಮೌಲ್ಯವನ್ನು ಹೊರಾಂಗಣದ 400 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಎಂದು ಭಾವಿಸಿ ಸೆನ್ಸರ್ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ವಾರಾಂತ್ಯದಲ್ಲಿ ಖಾಲಿಯಾಗಿ ಕಿಟಕಿ ತೆರೆದುಕೊಳ್ಳುವ ಕಚೇರಿಗೆ ಇದು ಒಳ್ಳೆಯ ಉಪಾಯ. ಕಿಟಕಿಯೇ ಇಲ್ಲದ ನೆಲೆಯಲ್ಲಿ ಇದು ಅಪಾಯ. ಅಲ್ಲಿನ ಅತಿ ಶುದ್ಧ ಗಾಳಿಯೂ 2 ಮಿಲಿಮೀಟರ್, ಅಂದರೆ ಸುಮಾರು 2,600 ಪಿಪಿಎಂ ಇದ್ದರೆ, ಸೆನ್ಸರ್ ನಿಧಾನವಾಗಿ ಅದನ್ನೇ 400 ಎಂದು ಕರೆಯಲು ಕಲಿಯುತ್ತದೆ. ಮುಂದೆ ನಿಜವಾದ 4 ಮಿಲಿಮೀಟರ್ ಅದಕ್ಕೆ 2.3ರಂತೆ ಕಾಣುತ್ತದೆ. ಕೆಟ್ಟಿರುವ ಸೆನ್ಸರ್ ಕನಿಷ್ಠ ಅಸಂಬದ್ಧವಾಗಿಯಾದರೂ ಕುಣಿಯುತ್ತದೆ. ಇದು ಹಾಗೆ ಕುಣಿಯದೆ ನಯವಾಗಿ ಸುಳ್ಳು ಹೇಳುತ್ತದೆ. ಸೆಟ್ಟಿಂಗ್‌ಗಳಲ್ಲಿ ಈ ಸೌಲಭ್ಯ ಚಾಲೂ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಬಂದ್ ಮಾಡಿ, ಪ್ರಮಾಣ ಗೊತ್ತಿರುವ ಸಿಲಿಂಡರ್ ಅನಿಲದಿಂದ ಮತ್ತೆ ಹೊಂದಿಸಿ.

ಕಡಿಮೆ ಒತ್ತಡದಲ್ಲಿ ನಡೆಯುವ ನೆಲೆಗಳಿಗೆ ಒಂದು ಎಚ್ಚರಿಕೆ. ಮುಂದಿನ ಅನ್ವೇಷಣಾ ಯಾನಗಳಿಗಾಗಿ ನಾಸಾ ಪರಿಗಣಿಸಿರುವ ವಾತಾವರಣದಲ್ಲಿ ಒತ್ತಡ 56.5 ಕಿಲೋಪ್ಯಾಸ್ಕಲ್, ಆಮ್ಲಜನಕ ಶೇಕಡಾ 34. ಅಂಥಲ್ಲಿ ಶೇಕಡಾ 0.5 ಎಂದರೆ ಸುಮಾರು 2.1 ಮಿಲಿಮೀಟರ್, ಸಮುದ್ರಮಟ್ಟದ ಒತ್ತಡದಲ್ಲಿ ಅದೇ ಶೇಕಡಾ 0.5 ಎಂದರೆ 3.8. ಒಬ್ಬರು ಪಿಪಿಎಂ ಓದಿ, ಇನ್ನೊಬ್ಬರು ಮಿಲಿಮೀಟರ್ ಓದಿ, ಇಬ್ಬರೂ ತಮ್ಮದೇ ಸರಿಯೆಂದು ಪಟ್ಟು ಹಿಡಿಯುವುದು ಇಲ್ಲಿಂದಲೇ ಶುರುವಾಗುತ್ತದೆ.

ಸಿಲಿಂಡರ್ ಅನಿಲ ಮುಗಿದಿದ್ದರೆ ಎರಡು ಕೈಮದ್ದುಗಳಿವೆ. ಮೊದಲನೆಯದು ಸೆನ್ಸರಿನ ಜಾಲರಿಗೆ ಬಾಯಿ ತಂದು ಉಸಿರು ಬಿಡುವುದು. ಬಿಟ್ಟ ಉಸಿರಿನಲ್ಲಿ ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುವುದರಿಂದ ರೀಡಿಂಗ್ ಕೂಡಲೇ ಜಿಗಿಯಬೇಕು. ಜಿಗಿಯದಿದ್ದರೆ ಸೆನ್ಸರ್ ಸತ್ತಿದೆ ಅಥವಾ ಅದರ ಬಾಯಿ ದೂಳಿನಿಂದ ಕಟ್ಟಿದೆ. ಜಿಗಿದರೆ ಅದು ಜೀವಂತವಾಗಿದೆ ಎಂದಷ್ಟೇ ಗೊತ್ತಾಗುತ್ತದೆ, ಸರಿಯಾಗಿದೆ ಎಂದಲ್ಲ. ಎರಡನೆಯದು ಸುಣ್ಣದ ತಿಳಿನೀರು, ಇಂಗಾಲದ ಡೈಆಕ್ಸೈಡ್ ತಗುಲಿದರೆ ಇದು ಬೆಳ್ಳಗಾಗುತ್ತದೆ. ಒಂದೇ ಅಳತೆಯ ಎರಡು ಚಿಕ್ಕ ಬಾಟಲಿಗಳಲ್ಲಿ ಒಂದೇ ಪ್ರಮಾಣದ ತಿಳಿ ತೆಗೆದುಕೊಂಡು, ದೊಡ್ಡ ಸಿರಿಂಜಿನಲ್ಲಿ ಭೋಜನಶಾಲೆಯ ಗಾಳಿಯನ್ನೆಳೆದು ಒಂದಕ್ಕೂ, ಮುಂಜಾನೆ ಬಾಗಿಲು ತೆರೆಯುವ ಮುನ್ನವೇ ಕೋಣೆಯ ಗಾಳಿಯನ್ನೆಳೆದು ಇನ್ನೊಂದಕ್ಕೂ ನಿಧಾನವಾಗಿ ಗುಳ್ಳೆ ಗುಳ್ಳೆಯಾಗಿ ಹಾಯಿಸಬೇಕು. ಬಾಟಲಿಯ ಹಿಂದೆ ಅಚ್ಚಾದ ಕಾಗದವೊಂದನ್ನು ನಿಲ್ಲಿಸಿ, ಅಕ್ಷರ ಮಸುಕಾಗಲು ಎಷ್ಟು ಸಿರಿಂಜ್ ಗಾಳಿ ಬೇಕಾಯಿತು ಎಂದು ಎಣಿಸಬೇಕು. ಕೋಣೆಯ ಬಾಟಲಿ ಭೋಜನಶಾಲೆಯ ಬಾಟಲಿಗೆ ಬೇಕಾದ ಅರ್ಧದಷ್ಟೇ ಗಾಳಿಗೆ ಬೆಳ್ಳಗಾದರೆ ಕೋಣೆಯಲ್ಲಿ ಸುಮಾರು ಎರಡು ಪಟ್ಟು ಇದೆ ಎಂದು ತಿಳಿಯಬಹುದು. ಒರಟು ಅಳತೆಯೇ ಸರಿ, ಆದರೆ ಇದಕ್ಕೆ ತನ್ನನ್ನು ತಾನೇ ತಿದ್ದಿಕೊಳ್ಳುವ ಚಾಳಿ ಇಲ್ಲ.

ಗಾಳಿ ಹರಿಯುತ್ತಿದೆಯೇ

ತೆಳು ಕಾಗದದ ಪಟ್ಟಿಯೊಂದನ್ನು ಗಾಳಿ ಬರುವ ಜಾಲರಿಯ ಮುಂದೆ ಹಿಡಿದರೆ ಅದು ಹೊರಕ್ಕೆ ಬಾಗಬೇಕು, ಗಾಳಿ ಹೋಗುವ ಜಾಲರಿಗೆ ಅಂಟಿಕೊಳ್ಳಬೇಕು. ಇದಕ್ಕಿಂತ ದುಬಾರಿ ಉಪಕರಣ ಬೇಕಿಲ್ಲ. 2020ರ ಅಕ್ಟೋಬರಿನಲ್ಲಿ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ವಿಭಾಗದ ಸೋರಿಕೆಯನ್ನು ಹುಡುಕುವಾಗ ಗಗನಯಾತ್ರಿಗಳು ಚಹಾ ಪುಡಿಯ ಎಲೆಚೂರುಗಳನ್ನು ತೇಲಿಬಿಟ್ಟು, ಅವು ಸಾಗಿದ ದಿಕ್ಕನ್ನು ನೋಡಿಯೇ ಬಿರುಕಿನ ಜಾಗ ಪತ್ತೆ ಮಾಡಿದರು.

ಪಟ್ಟಿ ಅಲುಗಾಡದಿದ್ದರೆ ಫ್ಯಾನ್, ಫಿಲ್ಟರ್, ಡಕ್ಟ್ (ಗಾಳಿ ಸಾಗುವ ಕೊಳವೆ) ಈ ಕ್ರಮದಲ್ಲಿ ನೋಡಬೇಕು ಎಂದು ಪಠ್ಯಗಳು ಹೇಳುತ್ತವೆ. ಅದಕ್ಕೂ ಮುನ್ನ ಹಾಸಿಗೆಯ ಮೇಲೆ ಮಲಗಿ ಜಾಲರಿಯತ್ತ ಕಣ್ಣು ಹಾಯಿಸುವುದು ಒಳ್ಳೆಯದು. ಮಲಗಿದವನ ನೆತ್ತಿಗೆ ಸರಿಯಾಗಿ ತಣ್ಣನೆ ಗಾಳಿ ಬೀಸುತ್ತಿದ್ದರೆ, ಫ್ಯಾನಿನ ಗುಂಯ್‌ಗುಡುವಿಕೆ ಕಿವಿಯ ಪಕ್ಕದಲ್ಲೇ ಇದ್ದರೆ, ಇಂದಲ್ಲ ನಾಳೆ ಯಾರಾದರೂ ಅದಕ್ಕೆ ಏನಾದರೂ ಅಡ್ಡ ಇಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಸಿಗುವುದೂ ಅದೇ: ಜಾಲರಿಯ ಮುಕ್ಕಾಲು ಪಾಲನ್ನು ಮುಚ್ಚುವಂತೆ ನಾಲ್ಕು ಮಡಿಕೆ ಮಾಡಿ ಅಂಟುಪಟ್ಟಿಯಿಂದ ನೀಟಾಗಿ ಬಿಗಿದ ಹಳೆಯ ಒಳಅಂಗಿ. ಉಳಿದ ಕಾಲು ಪಾಲಿನಲ್ಲಿ, ಗಾಳಿ ಇಕ್ಕಟ್ಟಿನಿಂದ ನುಗ್ಗುವುದರಿಂದ, ಕಾಗದದ ಪಟ್ಟಿ ಮೊದಲಿಗಿಂತ ಜೋರಾಗಿಯೇ ಹಾರಾಡುತ್ತದೆ. ಒಂದೇ ಮೂಲೆಯಲ್ಲಿ ಪಟ್ಟಿ ಹಿಡಿದು ನೋಡಿದ ಪರೀಕ್ಷಕ ಗಾಳಿ ಚೆನ್ನಾಗಿದೆ ಎಂದೇ ಬರೆದುಕೊಂಡು ಹೋಗಿರುತ್ತಾನೆ. ಜಾಲರಿಯ ನಾಲ್ಕೂ ಮೂಲೆ ಮತ್ತು ನಡುಭಾಗದಲ್ಲಿ ನೋಡಬೇಕೆಂಬ ನಿಯಮ ಇದಕ್ಕಾಗಿ.

ಅಂಗಿಯನ್ನು ಕಿತ್ತು ಬಿಸಾಡಿ ಪ್ರಕರಣ ಮುಗಿಸುವುದು ತಪ್ಪಾಗುತ್ತದೆ. ಅದು ಅಲ್ಲಿಗೆ ಏಕೆ ಬಂತು, ಅದು ಬಂದದ್ದು ಏಕೆ ಯಾರಿಗೂ ತಿಳಿಯಲಿಲ್ಲ ಎಂಬ ಎರಡು ಪ್ರಶ್ನೆಗಳು ಬಾಕಿ ಇವೆ.

ಶುದ್ಧೀಕರಣ ಘಟಕ

ಬೆಳಗಿನ ಉಬ್ಬು ಕಾಣದೆ ಇಡೀ ನೆಲೆಯ ಮಟ್ಟವೇ ನಿಧಾನವಾಗಿ ಏರುತ್ತಿದ್ದರೆ ಮಾತ್ರ ಈ ಭಾಗಕ್ಕೆ ಬರಬೇಕು. ಘಟಕದಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದು ಜಿಯೊಲೈಟ್ ಎಂಬ ರಂಧ್ರಮಯ ಖನಿಜದ ಗುಳಿಗೆಗಳು. ಒಂದು ಹಾಸು ಹೀರುತ್ತಿರುವಾಗ ಇನ್ನೊಂದನ್ನು ಸುಮಾರು 200 ಡಿಗ್ರಿಗೆ ಕಾಯಿಸಿ, ಹೀರಿದ್ದನ್ನು ಹೊರದೂಡಿಸಲಾಗುತ್ತದೆ. ಜಿಯೊಲೈಟ್‌ಗೆ ಇಂಗಾಲದ ಡೈಆಕ್ಸೈಡಿಗಿಂತ ನೀರಿನ ಆವಿಯ ಮೇಲೆ ಮೋಹ ಹೆಚ್ಚು. ಅದಕ್ಕೂ ಮೊದಲು ಗಾಳಿಯನ್ನು ಒಣಗಿಸುವ ಹಾಸು ಸೋತರೆ ಗುಳಿಗೆಗಳು ನೀರು ಕುಡಿದು ಕೂರುತ್ತವೆ. ಗುಳಿಗೆಗಳು ಒಂದಕ್ಕೊಂದು ಉಜ್ಜಿ ಬೀಳುವ ಪುಡಿ ವಾಲ್ವ್‌ಗಳಲ್ಲಿ ಸೇರಿ ಅವನ್ನು ಅರೆತೆರೆದ ಸ್ಥಿತಿಯಲ್ಲಿ ಸಿಕ್ಕಿಸುತ್ತದೆ. ಬಾಹ್ಯಾಕಾಶ ನಿಲ್ದಾಣದ ಘಟಕಕ್ಕೂ ಈ ಪುಡಿಯ ಕಾಟ ತಪ್ಪಿದ್ದಲ್ಲ.

ಮಂಗಳದಲ್ಲಿ ಇನ್ನೊಂದು ವಿಶೇಷ ತೊಡಕಿದೆ. ನಿಲ್ದಾಣದಲ್ಲಿ ಹೊರಗೆ ನಿರ್ವಾತವಿರುವುದರಿಂದ ಹಾಸನ್ನು ಹೊರಕ್ಕೆ ತೆರೆದರೆ ಅನಿಲ ತಾನಾಗಿ ಹೋಗುತ್ತದೆ. ಮಂಗಳದ ವಾತಾವರಣ ತೆಳುವಾದರೂ ಅದರ ಶೇಕಡಾ 95 ಇಂಗಾಲದ ಡೈಆಕ್ಸೈಡೇ, ಆಂಶಿಕ ಒತ್ತಡ ಸುಮಾರು 4.5 ಮಿಲಿಮೀಟರ್. ನಮ್ಮ ನೆಮ್ಮದಿಯ ಗೆರೆಗಿಂತ ಇದು ಹೆಚ್ಚು. ಕಾಯಿಸಿದ ಹಾಸು ತಣ್ಣಗಾಗುವ ಹೊತ್ತಿನಲ್ಲಿ ಹೊರವಾಲ್ವ್ ಸರಿಯಾಗಿ ಮುಚ್ಚಿರದಿದ್ದರೆ, ಅದು ಹೊರಗಿನದನ್ನೇ ಹೀರಿಕೊಂಡು ಒಳಗೆ ತಂದು ಬಿಡುತ್ತದೆ. ಹಾಸು ಬದಲಾಗುವ ಪ್ರತಿ ಬಾರಿಯೂ ಘಟಕದಿಂದ ಹೊರಬರುವ ಗಾಳಿ ಒಳಹೋಗುವ ಗಾಳಿಗಿಂತ ಕೆಲವು ನಿಮಿಷ ಕೆಟ್ಟದಾಗಿದ್ದರೆ ಈ ದೋಷವೇ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಬದಲಿ ವ್ಯವಸ್ಥೆಯಾದ ಲಿಥಿಯಂ ಹೈಡ್ರಾಕ್ಸೈಡ್ ಒಂದು ಗ್ರಾಂಗೆ 0.92 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಮಾತ್ರ, ಅದೂ ಲೆಕ್ಕದ ಮೇಲೆ, ಹಿಡಿಯಬಲ್ಲುದು. ಆರು ಜನರ ಒಂದು ದಿನಕ್ಕೆ ಕನಿಷ್ಠ ಆರೂವರೆ ಕಿಲೋಗ್ರಾಂ ಬೇಕು. ಡಬ್ಬಿಗಳು ಇವೆಯೇ ಎನ್ನುವುದರ ಜೊತೆಗೆ ಅವು ಕಿಂಡಿಯಲ್ಲಿ ಕೂರುತ್ತವೆಯೇ ಎಂದೂ ನೋಡಿ. 1970ರ ಏಪ್ರಿಲ್‌ನಲ್ಲಿ ದಾರಿಯಲ್ಲಿ ಅವಘಡವಾಗಿ ಚಂದ್ರನೌಕೆಯಲ್ಲಿ ಆಶ್ರಯ ಪಡೆದ ಅಪೊಲೊ 13ರ ಮೂವರಿಗೆ ಮುಖ್ಯ ನೌಕೆಯ ಚೌಕ ಡಬ್ಬಿಗಳು ಬೇಕಾದಷ್ಟಿದ್ದವು, ಚಂದ್ರನೌಕೆಯ ಕಿಂಡಿಗಳು ದುಂಡಗಿದ್ದವು. ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಗಳಿಂದ ಜೋಡಣೆ ಮಾಡಿ ಅವರು ಉಸಿರು ಉಳಿಸಿಕೊಂಡರು.

ಆಮ್ಲಜನಕದ ರೀಡಿಂಗನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತಿರಬೇಕು. 1991ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ಮುಚ್ಚಿದ ಪ್ರಯೋಗ ಕಟ್ಟಡದೊಳಗೆ ಎಂಟು ಜನ ಬಾಗಿಲು ಹಾಕಿಕೊಂಡ ಮೇಲೆ ಆಮ್ಲಜನಕ ಶೇಕಡಾ 20.9ರಿಂದ ಸುಮಾರು 14.2ಕ್ಕೆ ಇಳಿಯಿತು, ಆದರೆ ಅದಕ್ಕೆ ತಕ್ಕಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಕಾಣಲಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಟ್ಟಡದ ಕಾಂಕ್ರೀಟ್ ಸದ್ದಿಲ್ಲದೆ ಹೀರಿಕೊಂಡಿತ್ತು. ಆ ಎಂಟು ಜನ ನಾಲ್ಕು ನಾಲ್ಕರ ಎರಡು ಬಣಗಳಾಗಿ ಒಡೆದದ್ದೂ ಆ ಅವಧಿಯಲ್ಲೇ. ಒಡಕಿಗೆ ಗಾಳಿಯೇ ಕಾರಣ ಎಂದು ಹೇಳಲಾಗದು, ಆಡಳಿತದ ಭಿನ್ನಾಭಿಪ್ರಾಯಗಳು ಸಾಕಷ್ಟಿದ್ದವು. ಹಸಿವು ಮತ್ತು ತೆಳುಗಾಳಿ ಅದಕ್ಕೆ ನೆರವಾಗಲಿಲ್ಲ ಎಂದಷ್ಟೇ ಹೇಳಬಹುದು.

ಸುಲಭದ ಉತ್ತರ

ಲುಕಾ ಪರ್ಮಿಟಾನೊ ಎಂಬ ಇಟಲಿಯ ಗಗನಯಾತ್ರಿ 2013ರ ಜುಲೈ 9ರಂದು ಬಾಹ್ಯಾಕಾಶ ನಡಿಗೆ ಮುಗಿಸಿ ಒಳಬಂದಾಗ ಅವರ ಹೆಲ್ಮೆಟ್ಟಿನಲ್ಲಿ ನೀರಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಎಂದರು. ನಂಬುವಂಥ ಉತ್ತರ, ಯಾರೂ ಅದನ್ನು ಅಲುಗಾಡಿಸಿ ನೋಡಲಿಲ್ಲ. ಜುಲೈ 16ರಂದು ಅದೇ ಉಡುಪಿನಲ್ಲಿ ಮತ್ತೆ ಹೊರಗೆ ಹೋದಾಗ ನೀರು ಕಿವಿ, ಕಣ್ಣು, ಮೂಗನ್ನು ಮುಚ್ಚಿಕೊಳ್ಳುವಷ್ಟು ತುಂಬಿತು, ಅವರು ಬಹುಪಾಲು ಕಾಣದ ಕಣ್ಣಿನಲ್ಲೇ ದಾರಿ ನೆನಪಿಸಿಕೊಂಡು ಬಾಗಿಲಿಗೆ ಮರಳಬೇಕಾಯಿತು. ಜೊತೆಗಿದ್ದ ಕ್ರಿಸ್ ಕ್ಯಾಸಿಡಿ, ಮಾತು ಕೇಳಿಸದ ಗೆಳೆಯನ ಕೈ ಒತ್ತಿ, ಅವರು ತಿರುಗಿ ಒತ್ತಿದ್ದರಿಂದ ಪ್ರಜ್ಞೆ ಇದೆಯೆಂದು ತಿಳಿದುಕೊಂಡರು. ಉಡುಪಿನ ನೀರು ಬೇರ್ಪಡಿಸುವ ಭಾಗದ ರಂಧ್ರಗಳು ಸಿಲಿಕಾ ಕಶ್ಮಲದಿಂದ ಕಟ್ಟಿದ್ದೇ ಕಾರಣ ಎಂದು ತನಿಖೆ ಆಮೇಲೆ ಕಂಡುಕೊಂಡಿತು.

ನಮ್ಮ ದೋಷದಲ್ಲಿ ನೀರಿನ ಚೀಲದ ಜಾಗದಲ್ಲಿ ಇರುವುದು "ಅವರಿಬ್ಬರ ಸ್ವಭಾವವೇ ಹಾಗೆ" ಎಂಬ ಮಾತು. ಅದನ್ನು ಅಲುಗಾಡಿಸಿ ನೋಡಲು ಒಂದು ಸರಳ ಪರೀಕ್ಷೆ ಸಾಕು: ಆ ಇಬ್ಬರನ್ನು ಮೂರು ರಾತ್ರಿ ಬೇರೆ ಕೋಣೆಯಲ್ಲಿ ಮಲಗಿಸಿ, ಅವರ ಕೋಣೆಯಲ್ಲಿ ವೈದ್ಯ ಮತ್ತು ಸಂಪರ್ಕ ನಿರ್ವಾಹಕ ಮಲಗಲಿ, ಕಾವಲು ಪಾಳಿಯವರು ಕೈಸೆನ್ಸರ್ ಹಿಡಿದು ಎರಡು ಗಂಟೆಗೊಮ್ಮೆ ಕೋಣೆಯೊಳಗೆ ರೀಡಿಂಗ್ ತೆಗೆಯಲಿ. ತಲೆನೋವು ಮನುಷ್ಯರ ಜೊತೆ ಹೋಗುತ್ತದೆಯೋ ಕೋಣೆಯಲ್ಲೇ ಉಳಿಯುತ್ತದೆಯೋ ನೋಡಬೇಕು. ಕೋಣೆಯಲ್ಲಿ ಉಳಿದರೆ ಸ್ವಭಾವದ ಚರ್ಚೆ ಮುಗಿಯಿತು. ಕೋಣೆ ಬದಲಿಸುವಾಗ ಇಬ್ಬರನ್ನೂ ಒಟ್ಟಿಗೇ ಕಳುಹಿಸಿ. ಬೇರೆ ಬೇರೆ ಮಾಡಿದರೆ ಶಿಕ್ಷೆಯೆಂದು ಭಾವಿಸುತ್ತಾರೆ, ಮುಂದೆ ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಮೇಲಾಗಿ ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬ ಪರೀಕ್ಷೆಯ ಮೂಲ ನಿಯಮವೇ ಮುರಿಯುತ್ತದೆ.

ಲಾಗ್ ಬುಕ್ ಮತ್ತು ಸ್ನೇಹ

ದೋಷ ಇಷ್ಟು ದಿನ ಅಡಗಿ ಕೂರಲು ಸ್ನೇಹವೂ ಕಾರಣ ಎಂಬುದನ್ನು ಮುಲಾಜಿಲ್ಲದೆ ಬರೆಯಬೇಕು. ಬೆಳಗಿನ ಆರೋಗ್ಯ ಪಟ್ಟಿಯಲ್ಲಿ ಒಬ್ಬ ಏಳಲಾರದೆ ಮಲಗಿದ್ದರೆ ಇನ್ನೊಬ್ಬ ಅವನ ಪರವಾಗಿ ತುಂಬುತ್ತಾನೆ. ಲಾಗ್ ಬುಕ್‌ನಲ್ಲಿ ಇದರ ಗುರುತು ಹಿಡಿಯುವುದು ಕಷ್ಟವಲ್ಲ: ಎರಡು ಹೆಸರುಗಳ ಮುಂದೆ ಒಂದೇ ನಿಮಿಷದಲ್ಲಿ ದಾಖಲಾದ ನಾಡಿ, ನಿದ್ದೆಯ ಗಂಟೆ, ತಲೆನೋವಿನ ಕಾಲಂನಲ್ಲಿ ದಿನವೂ ತಪ್ಪದೆ "ಇಲ್ಲ". ನಿಜವಾದ ನಾಡಿ ದಿನದಿಂದ ದಿನಕ್ಕೆ ಒಂದೆರಡು ಅಂಕೆ ಅತ್ತಿತ್ತ ಆಡುತ್ತಲೇ ಇರುತ್ತದೆ. ವಾರವಿಡೀ 68 ಎಂದೇ ಇದ್ದರೆ ಅದು ಕೈ ಹಿಡಿದು ಎಣಿಸಿದ್ದಲ್ಲ. ಹೊರಗಿನ ಕೆಲಸದಿಂದ ಗೆಳೆಯನನ್ನು ಕೈಬಿಡಬಾರದೆಂಬ ಕಾಳಜಿ ಅದರ ಹಿಂದಿರುತ್ತದೆ. ಸಿಬ್ಬಂದಿ ತಮ್ಮ ತಮ್ಮಲ್ಲಿ ಕಚ್ಚಾಡುವುದಕ್ಕಿಂತ ಮೇಲಿನವರೊಡನೆ ತಿಕ್ಕಾಟಕ್ಕೆ ಇಳಿಯುವುದೇ ಹೆಚ್ಚು. 2010ರಿಂದ 2011ರವರೆಗೆ ಆರು ಜನ 520 ದಿನ ಮುಚ್ಚಿದ ಕೋಣೆಗಳಲ್ಲಿ ಕಳೆದ ಮಾರ್ಸ್-500 ಎಂಬ ಅಣಕು ಮಂಗಳಯಾನ ಪ್ರಯೋಗದಲ್ಲೂ ನಿಯಂತ್ರಣ ಕೇಂದ್ರದೊಂದಿಗಿನ ಘರ್ಷಣೆಗಳೇ ಹೆಚ್ಚಾಗಿ ವರದಿಯಾದವು. ಹೀಗಿರುವಾಗ ಪಟ್ಟಿಯನ್ನು ಮೇಲಿನವರ ಕಾಗದವೆಂದು ಬಗೆದು, ಗೆಳೆಯನ ಪಕ್ಷ ವಹಿಸುವುದು ಸಹಜ.

ಆದ್ದರಿಂದ ಕೇಳುವ ರೀತಿ ಮುಖ್ಯ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬಾರದು. ಯಾರು ಮಾಡಿದ್ದು ಎಂದು ಕೇಳಬಾರದು. ಯಾವಾಗಿನಿಂದ ಎಂದು ಕೇಳಬೇಕು. ತಂತ್ರಜ್ಞೆ ಕೊರೆಯುವ ಯಂತ್ರದ ಚಾಲಕನನ್ನು ಕಾರ್ಯಾಗಾರದಲ್ಲಿ ಒಬ್ಬನೇ ಸಿಕ್ಕಾಗ ಕೇಳುವ ಮಾತು ಹೀಗಿರಬಹುದು:

"ಮೇಲಿನ ಜಾಲರಿಯಿಂದ ತುಂಬಾ ತಣ್ಣಗೆ ಬರುತ್ತಿತ್ತೇನಪ್ಪಾ? ಯಾವಾಗಿನಿಂದ?"

"ಕೊರೆತ ಶುರುವಾದ ವಾರದಿಂದ, ಮೇಡಂ. ಅವನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಕತ್ತು ಹಿಡಿದುಕೊಳ್ಳುತ್ತಿತ್ತು. ಅದಕ್ಕೇ ನಾನೇ ಒಂದು ಬಟ್ಟೆ ಕಟ್ಟಿದೆ, ಅವನಿಗೂ ಹೇಳಿಲ್ಲ."

ಈ ಒಂದು ಉತ್ತರದಲ್ಲಿ ಮೂರು ಉಪಯುಕ್ತ ಸಂಗತಿಗಳಿವೆ. ಆರಂಭದ ವಾರ ಗೊತ್ತಾಯಿತು, ಬೆಳಗಿನ ಉಬ್ಬನ್ನು ಆ ವಾರದ ಹಿಂದುಮುಂದಿನ ರೇಖೆಗಳೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಬಹುದು. ಮೂಲ ದೂರು ಚಳಿಗಾಳಿಯದು ಎಂದು ಗೊತ್ತಾಯಿತು. ಮತ್ತು ಭೂವಿಜ್ಞಾನಿಗೆ ಬಟ್ಟೆಯ ವಿಷಯವೇ ತಿಳಿಯದು ಎಂದು ಗೊತ್ತಾಯಿತು. ಬೆಳಗಿನ ಜಗಳದಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ. ಉತ್ತರ ಸಿಕ್ಕೊಡನೆ ಗದರಿಕೊಂಡರೆ ಮುಂದಿನ ಬಾರಿ ಬಟ್ಟೆಯನ್ನು ಇನ್ನೂ ಜಾಣತನದಿಂದ ಕಟ್ಟುತ್ತಾರೆ. ಹೊರಗಿನ ಕೊರೆತದ ಜಾಗದಲ್ಲಿ ತಲೆ ಮಂದವಾಗಿ ತಪ್ಪು ಕೊಂಡಿ ಬಿಚ್ಚಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ, ಆ ಕೆಲಸ ಅವರದೇ. ರಾತ್ರಿ 8 ಮಿಲಿಮೀಟರ್ ತೋರಿಸಿದ ಕೈಸೆನ್ಸರಿನ ರೇಖೆಯನ್ನು ಇಬ್ಬರ ಮುಂದೆಯೂ ಇಟ್ಟರೆ ಸಾಕು.

ಸರಿಪಡಿಸುವುದು

ಬಟ್ಟೆಯನ್ನು ತೆಗೆದು ಗಾಳಿಯನ್ನು ಹಾಗೇ ಬಿಟ್ಟರೆ ಕತ್ತು ಮತ್ತೆ ಹಿಡಿಯುತ್ತದೆ. ಜಾಲರಿಯ ರೆಕ್ಕೆಗಳನ್ನು ಹಾಸಿಗೆಯಿಂದ ಗೋಡೆಯ ಕಡೆಗೆ ತಿರುಗಿಸಿ, ಮಂಚವನ್ನು ತಲೆದೆಸೆ ಬದಲಿಸಿ ಹಾಕಬೇಕು. ಫ್ಯಾನಿನ ಸದ್ದು ತಗ್ಗಿಸಲು ಅದರ ಕೆಳಗೆ ರಬ್ಬರ್ ದಿಂಬು ಹಾಕಬಹುದು, ವೇಗವನ್ನು ತಗ್ಗಿಸಬಾರದು. ತಾತ್ಕಾಲಿಕವಾಗಿ ಹೊರಗಿನ ಫ್ಯಾನಿಗೆ ಮೃದು ಡಕ್ಟ್ ಸಿಕ್ಕಿಸಿ ಬಾಗಿಲಿನ ಮೂಲಕ ಎಳೆಯುವುದಾದರೆ, ಅದು ಒಂದೇ ಕೈಯಲ್ಲಿ, ಉಪಕರಣವಿಲ್ಲದೆ, ಕ್ಷಣಮಾತ್ರದಲ್ಲಿ ಕಿತ್ತುಬರುವಂತಿರಬೇಕು. 1997ರ ಜೂನ್ 25ರಂದು ಸರಕು ನೌಕೆ ಡಿಕ್ಕಿ ಹೊಡೆದು ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದ ಸ್ಪೆಕ್ಟರ್ ಘಟಕ ಸೋರತೊಡಗಿದಾಗ, ಬಾಗಿಲಿನ ಮೂಲಕ ಹಾಯಿಸಿದ್ದ ಕೇಬಲ್‌ಗಳನ್ನು ಬಿಚ್ಚಿ, ಕತ್ತರಿಸಿ ತೆಗೆಯುವ ತನಕ ಅದನ್ನು ಮುಚ್ಚಲಾಗಲಿಲ್ಲ.

ಕೋಣೆಯ ಸೆನ್ಸರ್ ದಿಂಬಿನ ಎತ್ತರಕ್ಕೆ ಬರಬೇಕು, ಸ್ವಯಂಚಾಲಿತ ಹೊಂದಾಣಿಕೆ ಬಂದ್ ಆಗಿರಬೇಕು, ಅದರ ಅಲಾರಂ ಮುಖ್ಯ ಫಲಕದ ಜೊತೆಗೆ ಕೋಣೆಯಲ್ಲೂ ಕೂಗಬೇಕು. ಆರೋಗ್ಯ ಪಟ್ಟಿಯನ್ನು ಒಬ್ಬರ ಪರವಾಗಿ ಇನ್ನೊಬ್ಬರು ತುಂಬಬಹುದು, ಆದರೆ ತುಂಬಿದವರ ಹೆಸರಿಗೊಂದು ಕಾಲಂ ಇರಲಿ; ಅದನ್ನು ನಿಷೇಧಿಸಿದರೆ ಕದ್ದು ತುಂಬುತ್ತಾರೆ. ತಲೆನೋವು ಇದೆಯೆಂದು ಬರೆದವರನ್ನು ಅಂದಿನ ಹೊರಗಿನ ಕೆಲಸದಿಂದ ಇಳಿಸುವುದಕ್ಕೆ ಮುನ್ನ ಅವರ ಕೋಣೆಯ ರೇಖೆ ನೋಡುವುದನ್ನು ಮುಖ್ಯಸ್ಥೆ ನಿಯಮವಾಗಿಸಬೇಕು.

ದೋಷ ಹೋಗಿದೆ ಎಂದು ಬರೆಯುವ ಮುನ್ನ ಆ ಇಬ್ಬರೂ ತಮ್ಮ ಕೋಣೆಯಲ್ಲೇ, ಬಾಗಿಲು ಹಾಕಿಕೊಂಡು, ಸತತ ಏಳು ರಾತ್ರಿ ಮಲಗಬೇಕು. ದಿಂಬಿನ ಎತ್ತರದ ರೀಡಿಂಗ್ ಒಮ್ಮೆಯೂ 4 ದಾಟಬಾರದು, ವಾರದ ಸರಾಸರಿ 2.5ರ ಕೆಳಗೆ ನಿಲ್ಲಬೇಕು, ಮುಖ್ಯ ಫಲಕದಲ್ಲಿ ಬೆಳಗಿನ ಉಬ್ಬು ಮಾಯವಾಗಿರಬೇಕು, ಸುಣ್ಣದ ತಿಳಿಯ ಎರಡು ಬಾಟಲಿಗಳು ಸರಿಸುಮಾರು ಒಂದೇ ಅಳತೆಯ ಗಾಳಿಗೆ ಬೆಳ್ಳಗಾಗಬೇಕು. ಇವೆಲ್ಲ ಆದ ಮೇಲೂ ಬೆಳಗಿನ ಜಗಳ ಮುಂದುವರಿದಿದ್ದರೆ ಕಡತವನ್ನು ವೈದ್ಯರಿಗೆ ಕೊಡಬಹುದು, ರೀಡಿಂಗ್‌ಗಳ ಪ್ರತಿಯೊಂದಿಗೆ.